ನಡುವಿನ ಕೈ

ಖರೇ ಹೇಳ್ರಿ, ಊಟಕ್ಕ ಕುಂತಾಗ ಬಾಜೂದಾಕಿ ಉಪ್ಪು ಕೇಳಿದ್ರ ಅಕಿ ಕೈಗೇ ಕೊಡ್ತೀರೇನು, ಇಲ್ಲಾ ನೆಲಕ್ಕ ಇಟ್ಟು "ತಗೋ" ಅಂತೀರೇನು? ಕೈಗೆ ಕೊಡ್ತೀನಿ ಅನ್ನೋರು ನಮ್ಮ ನಾರಾಯಣಪೇಟಿ ಮಂದಿ ಅಲ್ಲ ಬಿಡ್ರಿ. ಉಪ್ಪು ಕೈಯಿಂದ ಕೈಗೆ ಹೋದ್ರ ಜಗಳ ಆಗ್ತೈತಿ ಅಂತಾರ ನಮ್ಮಲ್ಲಿ. ನಾನು ನೆಲಕ್ಕ ಇಟ್ಟೂ ಬೇಕಾದಷ್ಟು ಜಗಳ ಮಾಡೀನಿ, ಆ ಮಾತು ಬ್ಯಾರೆ.

ಇದೆಲ್ಲಾ ನನ್ನ ತಲ್ಯಾಗ ಬಂದದ್ದು ಇಟಲಿ ಭಾಷಾದಿಂದ. ಹೋದ ವರ್ಷ ನನ್ನ ಮಗನ ಮಗಳು ನೇಯ್ಗಿ ಓದಾಕ ಇಟಲಿಗೆ ಹೊಂಟಿದ್ಲು. ಮಗ್ಗದ ಮನ್ಯಾಗ ಹುಟ್ಟಿದಾಕಿ ನೇಯ್ಗಿ ಕಲ್ಯಾಕ ಅಷ್ಟು ದೂರ ಯಾಕವ್ವ ಅಂದೆ. ಅಲ್ಲಿ ಬ್ಯಾರೆ ನಮೂನಿ ಕಲಿಸ್ತಾರ ಅಂದ್ಲು. ಹೋಗೂದ್ರಾಗ ಅಲ್ಲಿ ಮಾತು ಬರಬೇಕಂತ. ಫೋನಿನ್ಯಾಗ ನೋಡಿ ಕಲೀತಿದ್ಲು, ಆದ್ರ ಎದುರಿಗೆ ಮಾತಾಡಾಕ ಯಾರೂ ಇಲ್ಲ, ನನ್ನ ಹಿಡಕೊಂಡ್ಲು. ನನಗ ಫೋನಿನ್ಯಾಗ ಕನ್ನಡ ಒತ್ತಾಕ ಕಲಿಸಿದಾಕಿನೂ ಅಕೀನೇ. ಒಂದ ಬೆರಳ್ಲೆ ಹುಡುಕಿ ಹುಡುಕಿ ಒತ್ತಾಕತ್ತೀನಿ, ತಪ್ಪಿದ್ರ ಅಕೀನ್ನ ಬೈರಿ.

ಹುಡುಗಿ ಒಂದೇ ಕಡಿ ಸಿಕ್ಕೊಂಡಿದ್ಲು. ಆ ಭಾಷಾದಾಗ ಯಾರಿಗೆ ಅನ್ನೋದಕ್ಕೊಂದು, ಏನು ಅನ್ನೋದಕ್ಕೊಂದು ಸಣ್ಣ ಸಣ್ಣ ಮಾತು ಅದಾವ. ಎರಡೂ ಒಂದರ ಬೆನ್ನಿಗೆ ಒಂದು ಬರಬೇಕು, ಯಾರಿಗೆ ಅನ್ನೋದು ಮೊದಲು, ಏನು ಅನ್ನೋದು ಆಮ್ಯಾಲೆ. "ಮೆ ಲೊ ದಾಯಿ" ಅಂದ್ರ ನನಗ ಅದನ್ನ ಕೊಡ್ತಿಯೇನು ಅಂತ. "ತೆ ಲೊ ದೊ" ಅಂದ್ರ ನಿನಗ ಅದನ್ನ ಕೊಡ್ತೀನಿ ಅಂತ. ಮೂರನೇದವರಿಗೆ ಕೊಡೋದಾದ್ರ ಎರಡೂ ಅಂಟಿಕೊಂಡು ಒಂದೇ ಆಗ್ತಾವ, "ಲ್ಯೇಲೊ". ಅವನಿಗಾಗಲಿ ಅಕಿಗಾಗಲಿ ಅದೇ ಲ್ಯೇಲೊ. ನಮ್ಮ ಮಾತಿನ್ಯಾಗ ಬರೇ "ಕೊಡು" ಅಂದ್ರ ಮುಗೀತು, ಉಳಿದಿದ್ದು ಕಣ್ಣು ಹೇಳ್ತಾವ. ಅಲ್ಲಿ ಹಂಗ ನಡ್ಯಂಗಿಲ್ಲ.

ಅಡಗಿ ಮನ್ಯಾಗ ಶುರು ಮಾಡಿದ್ವಿ. ಲೋಟ ಕೇಳಿದ್ಲು, "ತೆ ಲೊ ದೊ" ಅಂತ ಕೊಟ್ಟೆ. ಉಪ್ಪು ಕೇಳಿದ್ಲು, ನೆಲಕ್ಕಿಟ್ಟೆ. ಕೈಗೆ ಕೊಡು ಅಂತ ಹಟ ಮಾಡಿದ್ಲು. ನಾ ನೆಲಕ್ಕ ಕೊಟ್ಟೀನಿ, ನೆಲ ನಿನಗ ಕೊಡ್ತೈತಿ, ಇದಕ್ಕ ನಿನ್ನ ಇಟಲಿಯವರು ಏನಂತಾರ ಕೇಳು ಅಂದೆ. ಅದೂ ಲ್ಯೇಲೊನೇ ಅಂತ ನಕ್ಕಳು.

ಅಕಿಗೆ ನಗು, ನನಗ ಬ್ಯಾರೆ ನೆನಪು. ಈ ಲ್ಯೇಲೊದಾಗೇ ನಾ ಬಾಳೇ ಮಾಡೀನೆಲ್ಲ ಅನಿಸ್ತು. ಹೊಸದಾಗಿ ಈ ಮನಿಗೆ ಬಂದಾಗ ಮಾವಗೋಳ ಎದುರಿಗೆ ನಿಂತು ಮಾತಾಡೋ ಹಂಗಿರಲಿಲ್ಲ. ಅವರು ಮಗ್ಗದ ಗುಂಡಿನ್ಯಾಗ ಕುಂತು ನೇಯ್ತಿದ್ರು. ನೂಲು ಸುತ್ತಿದ ಕಂಡಿಕಿ ಬುಟ್ಟಿನ್ಯಾಗ ಹಾಕಿ ಮಗ್ಗದ ಬಾಜೂಕ ಇಟ್ಟು, "ಕಂಡಿಕಿ ಇಟ್ಟೀನಿ" ಅಂತ ಗ್ವಾಡಿಗೆ ಹೇಳಿ ಬರ್ತಿದ್ದೆ. ಅವರೂ ಗ್ವಾಡಿಗೇ "ಹೂಂ" ಅಂತಿದ್ರು. ಆ ಗ್ವಾಡಿಗೆ ಬಾಯಿ ಇದ್ರ ಭಾಳ ಹೇಳ್ತಿತ್ತು.

ಯಜಮಾನ್ರು ಹೋದಮ್ಯಾಲೆ ಇನ್ನೊಂದು ಕೂಡಿತು. ನಮ್ಮಲ್ಲಿ ಊರಿಗೆ ಹೋಗೋ ಹೆಣ್ಣಮಕ್ಕಳಿಗೆ ಉಡಿ ತುಂಬ್ತಾರ. ಅಕ್ಕಿ, ಕೊಬ್ಬರಿ, ಎಲಿ ಅಡಿಕಿ, ಸೀರಿ, ಎಲ್ಲಾ ಸೆರಗಿನ್ಯಾಗ ಹಾಕಿ ಕಳಿಸೋದು. ಅದನ್ನ ಮುತ್ತೈದಿ ಹಾಕಬೇಕು, ನನ್ನಂಥಾಕಿ ಹಾಕಬಾರದು. ನನಗ ಯಾರೂ ಹಂಗ ಅಂದಿಲ್ಲ. ನಮ್ಮವ್ವ ಹಂಗ ದೂರ ಸರಿದು ನಿಂತಿದ್ದು ನೋಡಿದ್ದೆ, ನಾನೂ ಸರಿದೆ. ಅಂದಿನಿಂದ ಮಗಳಿಗೆ ಸೀರಿ ಕೊಟ್ರೂ, ತಂಗಿಗೆ ಕೊಟ್ರೂ, ಸೊಸಿ ಕೈಯಾಗ ಇಡ್ತೀನಿ, ಅಕಿ ಹಾಕ್ತಾಳ.

ಮೊಮ್ಮಗಳಿಗೆ ಕೊಡಾಕ ನಾ ತೆಗೆದಿಟ್ಟಿದ್ದು ನಮ್ಮವ್ವ ನನಗ ಕೊಟ್ಟ ಗದ್ವಾಲ ಸೀರಿ. ನಾರಾಯಣಪೇಟಿ ಸೀರಿ ನೇಯೋ ಮನ್ಯಾಗ ಇದ್ದುಕೊಂಡು ಗದ್ವಾಲದ್ದು ಉಡ್ತಾಳ ಅಂತ ನನ್ನ ಕಾಡಿದ್ದು ಅಷ್ಟಿಷ್ಟಲ್ಲ. ನನ್ನ ತವರು ಗದ್ವಾಲ, ಏನ ಮಾಡ್ಲಿ? ಹತ್ತಿ ಒಡಲು, ರೇಷ್ಮಿ ಅಂಚು. ಎರಡೂ ಕೂಡಿದ ಜಾಗ ಒಂದ ಕಡಿ ಬಿಚ್ಚಿತ್ತು, ಸರಿ ಮಾಡಾಕ ಗದ್ವಾಲಕ್ಕ ಕೊಟ್ಟಿದ್ದೆ. ಅದನ್ನ ತರಾಕ ನಾನೂ ಅಕೀನೂ ಹೋದ್ವಿ.

ಮಕ್ತಲ್‌ದಾಗ ಬಸ್ ಬದಲಿ ಮಾಡಿ ಕುಂತ್ವಿ. ಹೆಂಗಸರಿಗೆ ಕೊಡೋ ಜೀರೋ ಟಿಕೀಟ ಇಸಗೊಂಡು, "ತೆ ಲೊ ದೊ" ಅಂತ ಹುಡುಗಿ ಕೈಗೆ ಕೊಟ್ಟೆ. ಬಾಜೂದ ಹೆಣ್ಣಮಗಳು ಇದ್ಯಾವ ಮಾತು ಅಂತ ತೆಲುಗಿನ್ಯಾಗ ಕೇಳಿದ್ಲು. ನಮ್ಮೂರ ಬಾಜೂದ ನಾರ್ವ ಕಡೀ ಕನ್ನಡ ಅಂದೆ. ಪಾಪ, ನಂಬಿದ್ಲು.

ಬರೋ ಮುಂದ ಸೀರಿ ತೊಡಿಮ್ಯಾಲೆ ಇಟ್ಕೊಂಡು ಕುಂತಿದ್ದೆ. ಮೊಮ್ಮಗಳು ಅಂಚಿನ ಮ್ಯಾಲೆ ಬೆರಳಾಡಿಸ್ತಾ, "ಅಜ್ಜಿ, ಇದನ್ನ ನೀನೇ ಹಾಕಬೇಕು ನನ್ನ ಉಡಿಗೆ. ಅವ್ವನ ಕೈಯಾಗ ಇಡಬ್ಯಾಡ" ಅಂದ್ಲು. ಆಗಂಗಿಲ್ಲ ಅಂದೆ. ಯಾಕ ಅಂದ್ಲು. ಕಿಡಕ್ಯಾಗಿಂದ ಹೊರಗ ನೋಡ್ದೆ. ಅಷ್ಟು ದೂರ ಹೋಗೋ ಹುಡುಗಿ, ಅಲ್ಲಿ ಜ್ವರ ಬಂದ್ರೂ ನನ್ನ ಕೈ ಹತ್ತಿದ್ದಕ್ಕೇ ಬಂತು ಅನಿಸ್ತೈತಿ ನನಗ. ಅದನ್ನ ಅಕಿಗೆ ಹೆಂಗ ಹೇಳ್ಲಿ? ಹೊರಗ ನಗಸ್ಯಾಡಿದ್ರೂ ಒಳಗ ಅಂಜಿಕಿ ಇರ್ತೈತ್ರಿ.

ಹೊರಡೋ ದಿನ ಮುಂಜಾನೆ ಪಡಸಾಲ್ಯಾಗ ಹುಡುಗಿ ಮಣಿ ಮ್ಯಾಲೆ ಕುಂತು ಓಡ್ನಿ ಹಾಸಿದ್ಲು. ಸೊಸಿ ಕುಂಕುಮ ಹಚ್ಚಿ, ತಾಟಿನ್ಯಾಗಿಂದ ಅಕ್ಕಿ, ಕೊಬ್ಬರಿ, ಎಲಿ ಅಡಿಕಿ ಹಾಕಿದ್ಲು. ತಾಟು ಬರಿದಾಯ್ತು. ಇನ್ನ ಸೀರಿ. ನಾ ಬಾಗಲದಾಗ ನಿಂತಿದ್ದೆ, ರೂಢಿ ಪ್ರಕಾರ ಸೊಸಿ ಕಡಿ ಚಾಚಿದೆ. ಹುಡುಗಿ ಓಡ್ನಿ ಹಿಡಕೊಂಡು ಕುಂತಲ್ಲೇ ನನ್ನ ಕಡಿ ತಿರುಗಿದ್ಲು.

"ಮೆ ಲೊ ದಾಯಿ?"

"ಲ್ಯೇಲೊ ದೊ" ಅಂದೆ ನಾನು, ಸೊಸಿ ಕಡಿ ಗದ್ದ ಮಾಡಿ. ಅಕಿಗೆ ಕೊಡ್ತೀನಿ, ಅಕಿ ನಿನಗ ಕೊಡ್ತಾಳ ಅಂತ.

ಹುಡುಗಿ ಓಡ್ನಿ ತಿರುಗಿಸಲಿಲ್ಲ. ಸೊಸಿಗೆ ಇಟಲಿ ಮಾತು ಒಂದೂ ಬರಂಗಿಲ್ಲ, ಆದ್ರ ಅಕಿ ಸೀರಿ ಇಸಗೊಳ್ಳಾಕ ಕೈ ಚಾಚಲಿಲ್ಲ. ಆ ತಾಟನ್ನೇ ಎರಡೂ ಕೈಲೆ ಗಟ್ಟಿ ಹಿಡಕೊಂಡು ನಿಂತ್ಲು. ನನ್ನ ಕೈ ಅಷ್ಟೊತ್ತು ಗಾಳ್ಯಾಗೇ ಇತ್ತು, ಸೀರಿ ಭಾರ ಆಗಾಕತ್ತಿತು. ಎರಡು ಹೆಜ್ಜಿ ಮುಂದ ಹೋಗಿ, ಬಾಗಿ, ಹುಡುಗಿ ಉಡಿಗೆ ಹಾಕಿದೆ. "ತೆ ಲೊ ದೊ" ಅಂದೆ. ಹುಡುಗಿ ಓಡ್ನಿ ಮಡಚಿ ಎದಿಗೆ ಹಿಡಕೊಂಡ್ಲು.

ಅಕಿ ಹೋದಮ್ಯಾಲೆ ಸೊಸೀನ್ನ ಕೇಳಿದೆ, ಬರೀ ತಾಟು, ಅದನ್ನ ಹಂಗ ಎರಡೂ ಕೈಲೆ ಯಾಕ ಹಿಡಕೊಂಡಿದ್ದೆವ್ವ ಅಂತ.

"ಕೈ ಬಿಡುವಿಲ್ಲ ಅಂತ ತೋರಸಬೇಕಿತ್ತಲ್ರಿ ಅತ್ತಿ" ಅಂದ್ಲು. "ಸೀರಿ ನಿಮ್ಮದು, ಮೊಮ್ಮಗಳು ನಿಮ್ಮಾಕಿ. ನಡುವ ನಾ ಯಾಕ್ರಿ?"