ಡ್ರಾವರಿನಲ್ಲಿಟ್ಟಿದ್ದ ಸಹಿ

ಆ ಕಾಗದದ ಮೇಲೆ ಸುಳ್ಳು ಬರೆದವಳು ನಾನು, ಮಾಬೂಬಿ ಖಾಲಾ. ಸಹಿ ನಿಮ್ಮದೇ. ಆದರೆ ಅದರ ಮೇಲಿನ ಮಾತು ನಿಮ್ಮದಲ್ಲ — ನನ್ನದು. ಅವತ್ತೇ ನೀರಿನ ಕಚೇರಿಯಲ್ಲಿ, ನಿಮ್ಮ ಗಲ್ಲಿಯ ಹೆಂಗಸರ ಎದುರಿಗೇ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳಲಿಕ್ಕೂ ದಣಿವು. ಸುಮ್ಮನಿದ್ದು ಸುಮ್ಮನಿದ್ದು ಅದಕ್ಕಿಂತ ಹೆಚ್ಚು ದಣಿದಿದ್ದೇನೆ.

ದಾಂಡೇಲಿಯ ಆ ಕಂಪ್ಯೂಟರ್ ಕೇಂದ್ರ ನಿಮಗೆ ನೆನಪಿರಲೇಬೇಕು. ದೂರದ ಊರಿನ ಒಂದು ದತ್ತಿ ಸಂಸ್ಥೆ ದುಡ್ಡು ಕೊಟ್ಟು ತೆರೆಸಿದ್ದು. ಬಡವರ ಮನೆಯ ಹೆಂಗಸರು ಕಂಪ್ಯೂಟರ್ ಕಲಿಯಬೇಕು, ತಮ್ಮ ಓಣಿಯ ದೂರನ್ನು ತಾವೇ ಅದರಲ್ಲಿ ಹಾಕಬೇಕು, ಅದು ಕಚೇರಿಗೆ ಮುಟ್ಟಬೇಕು — ಯೋಚನೆ ಒಳ್ಳೆಯದೇ ಇತ್ತು. ನಾನು ಅಲ್ಲಿ ಕಲಿಸುವವಳು. ಧೂಳು ಆಗಬಾರದೆಂದು ಚಪ್ಪಲಿ ಹೊರಗೆ ಬಿಡಿಸುತ್ತಿದ್ದೆವು. ನೀವು ಮೊದಲ ದಿನ ಕಾಲನ್ನೂ ತೊಳೆದುಕೊಂಡು ಬಂದಿರಿ.

"ಇದೇನ ದರ್ಗಾ ಅಂತ ತಿಳದೀರೇನ್ರಿ ಖಾಲಾ?" ಅಂತ ನಾನು ನಕ್ಕೆ.

"ವಿದ್ಯಾದ ಜಾಗಾ ಅಲ್ರಿ ಬಾಯಿ" ಅಂದಿರಿ.

ನಿಮ್ಮ ದೂರು ಒಂದೇ. ಗಲ್ಲಿಗೆ ನಳ ಇಲ್ಲ. ಎರಡು ಗಲ್ಲಿ ದಾಟಿ ಬೋರಿಂಗಿಗೆ ಹೋಗಬೇಕು, ಅಲ್ಲಿ ಪಾಳಿ ಹಚ್ಚಬೇಕು, ಜಗಳಾಡಬೇಕು. ಅದನ್ನು ನೀವು ಹೇಳಿದಿರಿ, ನಾನು ಟೈಪ್ ಮಾಡಿದೆ. ಪರದೆಯ ಮೇಲೆ ನಿಮ್ಮ ಗಲ್ಲಿಯ ಹೆಸರಿನ ಮುಂದೆ ಒಂದು ಕೆಂಪು ಚುಕ್ಕೆ ಬಂತು. ಕೆಲಸ ಆದಾಗ ಹಸಿರು ಆಗುತ್ತದೆ ಅಂತ ತಿಳಿಸಿದೆ. ಆಮೇಲೆ ದಿನಾ ಬಂದು ಕೇಳುತ್ತಿದ್ದಿರಿ — "ನಮ್ಮದು ಹಸರ ಆತೇನ್ರಿ?"

ಹಸಿರಾಗುವ ತನಕ ಸುಮ್ಮನೆ ಕೂಡುವುದು ಯಾಕೆ, ಸಹಿ ಕಲಿಸ್ರಿ ಅಂದಿರಿ. ಐವತ್ತರ ಹತ್ತಿರದ ಕೈ, ಪೆನ್ನು ಹಿಡಿದರೆ ನಡುಗುತ್ತಿತ್ತು. ಸಹಿ ಮಾಡುವ ಚೌಕದೊಳಗೇ ಬರೆದು ರೂಢಿಯಾಗಲಿ ಅಂತ ನಾನು ಅಚ್ಚು ಹಾಕಿದ ಖಾಲಿ ನಮೂನೆಗಳನ್ನೇ ಕೊಟ್ಟೆ. ದೂರು ಬಗೆಹರಿದ ಮೇಲೆ ಜನರಿಂದ ಬರೆಸಿಕೊಳ್ಳುವ ನಮೂನೆಗಳು ಅವು. ಎಷ್ಟು ಹಾಳೆ ಕೆಡಿಸಿದಿರೋ! ಒಂದು ದಿನ ಗೆರೆ ದಾಟದೆ, ನಡುಗದೆ, ಚೆಂದನೆಯ ಸಹಿ ಮೂಡಿತು. "ಯಾ ಅಲ್ಲಾ, ಇದು ನಂದ ಹೌದಲ್ರಿ!" ಅಂತ ಅತ್ತೇಬಿಟ್ಟಿರಿ. ನನಗೂ ಕಣ್ಣು ತುಂಬಿತ್ತು. ಆ ಹಾಳೆಯನ್ನು ನೆನಪಿಗೆ ಅಂತ ನನ್ನ ಡ್ರಾವರಿನಲ್ಲಿ ಇಟ್ಟುಕೊಂಡೆ. ಅದು ನಿಜವಾದ ಪ್ರೀತಿ, ಖಾಲಾ — ಈಗ ಯಾರು ನಂಬಬೇಕು?

ದತ್ತಿ ಸಂಸ್ಥೆಯವರು ನೋಡಲಿಕ್ಕೆ ಬರುತ್ತಾರೆಂದು ಸುದ್ದಿ ಬಂತು. ಕೆಂಪು ಚುಕ್ಕೆ ಉಳಿದರೆ ಮುಂದಿನ ವರ್ಷ ಕೇಂದ್ರ ನಡೆಸುವುದಿಲ್ಲ ಅಂತ ಮೇಲಿನವರು ಹೇಳಿದರು. ಉಳಿದವೆಲ್ಲ ಹೇಗೋ ಬಗೆಹರಿದಿದ್ದವು, ನಿಮ್ಮದೊಂದೇ ಕೆಂಪು. ನನಗೆ ಕೆಲಸ ಬೇಕಿತ್ತು. ನೀರಿನ ಕಚೇರಿ ಪಟ್ಟಿಯಾಗ ಗಲ್ಲಿ ಹೆಸರೈತಿ, ಹೆಂಗೂ ಪೈಪು ಬರೂದೈತಿ, ಎರಡು ತಿಂಗಳು ಮೊದಲು ಹಸಿರು ಮಾಡಿದರೆ ಯಾರಿಗೇನು — ಹೀಗೆ ಅಂದುಕೊಂಡು ಡ್ರಾವರ್ ತೆಗೆದೆ. ನಿಮ್ಮ ಸಹಿಯ ಮೇಲಿನ ಖಾಲಿ ಜಾಗದಲ್ಲಿ ಬರೆದೆ: 'ನಮ್ಮ ಗಲ್ಲಿಗೆ ನಳ ಬಂದಿದೆ. ದೂರು ಉಳಿದಿಲ್ಲ.' ಬಂದವರು ಹಸಿರು ಪರದೆ ನೋಡಿ ಚಪ್ಪಾಳೆ ತಟ್ಟಿ ಹೋದರು.

ಮುಗಿದ ದೂರುಗಳ ಕಾಗದಗಳು ನೀರಿನ ಕಚೇರಿಗೂ ಹೋಗುತ್ತಿದ್ದವು. ಪೈಪು ಹಾಕುವ ಪಟ್ಟಿಯಿಂದ ಅವರು ನಿಮ್ಮ ಗಲ್ಲಿಯನ್ನು ತೆಗೆದರು. ಅವರದೇನು ತಪ್ಪು? ನೀವು ಹೆಂಗಸರನ್ನೆಲ್ಲ ಕಟ್ಟಿಕೊಂಡು ಕೇಳಲು ಹೊರಟಿರಿ. ನನ್ನನ್ನೂ ಕರೆದಿರಿ — "ನೀವೂ ಬರ್ರಿ ಬಾಯಿ, ನೀವಿದ್ರ ಧೈರ್ಯ." ಬಂದೆ.

ಸಾಹೇಬರು ಕಾಗದ ಮುಂದೆ ಹಿಡಿದರು. "ಇದು ನಿಮ್ಮ ಸಹಿ ಹೌದಲ್ರೀ?"

"ಹೌದ್ರಿ" ಅಂದಿರಿ. "ನಂದ ಸಹಿ."

ಆ ಮಾತಿನಲ್ಲಿ ಒಂದು ಗಳಿಗೆ ಎಷ್ಟು ಹೆಮ್ಮೆ ಇತ್ತು!

"ಮತ್ತ ನಳ ಬಂದೈತಿ ಅಂತ ಸಹಿ ಮಾಡಿಕೊಟ್ಟು ಈಗ ಯಾಕ ಬಂದೀರಿ?"

ನೀವು ನನ್ನ ಕಡೆ ತಿರುಗಿದಿರಿ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಬಾಯಿ ಬಿಡಲಿಲ್ಲ. ನಿಮಗೆ ಅಲ್ಲೇ ತಿಳಿದಿರಬೇಕು. ಆದರೂ ನನ್ನ ಹೆಸರು ಎತ್ತಲಿಲ್ಲ — ಯಾಕೆ, ಖಾಲಾ? ಕಲಿಸಿದವಳು ಅಂತಲೇ?

ಬೆಂಕಿ ಇಲ್ಲದೆ ಹೊಗೆ ಬರೂದಿಲ್ಲ ಅಂತ ಗಲ್ಲಿಯವರು ಆಡಿಕೊಂಡರು. ಮಾಬೂಬಿ ಏನೋ ತಿಂದು ಸಹಿ ಮಾಡಿಕೊಟ್ಟಳು, ನಮ್ಮ ನಳ ಮಾರಿದಳು ಅಂದರು. ಬೋರಿಂಗಿನಲ್ಲಿ ನಿಮಗೆ ಪಾಳಿ ಕೊಡಲಿಲ್ಲವಂತೆ. ಉಪ್ಪು ತಿಂದವರು ನೀರು ಕುಡಿಯಬೇಕು ಅಂತಾರೆ. ಉಪ್ಪು ತಿಂದವಳು ನಾನು, ಊರೆಲ್ಲ ಸುತ್ತಿ ನೀರು ಹೊತ್ತವರು ನೀವು. ವರ್ಷ ತುಂಬುವುದರೊಳಗೆ ಮನೆ ಬಿಟ್ಟು ಹಳಿಯಾಳಕ್ಕೆ ಮಗಳ ಹತ್ತಿರ ಹೋದಿರಿ. ನಳ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಕೇಂದ್ರವೂ ಮುಚ್ಚಿತು, ಅದಕ್ಕೆ ಬೇರೆ ಕಾರಣ.

ಇದನ್ನೆಲ್ಲ ಮರೆತೆ ಅಂದುಕೊಂಡಿದ್ದೆ. ಹೋದ ತಿಂಗಳು ಹಳಿಯಾಳದ ಕಣ್ಣಿನ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಕೂತಿದ್ದೆ. ಪಾಳಿಯಲ್ಲಿ ನೀವು ಬಂದಿರಿ. ಎರಡೂ ಕಣ್ಣಿಗೆ ಪೊರೆ. ನಿಮಗೆ ನನ್ನ ಗುರುತು ಹತ್ತಿತೋ ಇಲ್ಲವೋ, ನಾನು ರೂಢಿಯ ಮೇಲೆ ಕೇಳಿಬಿಟ್ಟೆ — "ಸಹಿ ಮಾಡ್ತೀರೇನ್ರಿ?"

"ಇಲ್ರಿ ಬಾಯಿ" ಅಂದಿರಿ. "ನಾ ಕಲತಿಲ್ಲ."

ನಿಮ್ಮ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿಸಿದವಳೂ ನಾನೇ. ಆಗಲೂ ಬಾಯಿ ಬಿಡಲಿಲ್ಲ. ಎರಡನೇ ಸಲ.

ಈ ಪತ್ರವನ್ನು ನಿಮ್ಮ ಮಗಳು ಓದಿ ಹೇಳಲಿ. ಇದರಲ್ಲಿ ಕ್ಷಮಿಸಿ ಅಂತ ಬರೆದು ಹೊಡೆದುಹಾಕಿದ್ದೇನೆ. ಅದನ್ನು ಕೇಳುವ ಮೊದಲು ಆಗಬೇಕಾದ ಕೆಲಸ ಒಂದಿದೆ. ನಾಳೆ ಮುಂಜಾನೆ ಮೊದಲ ಬಸ್ಸಿಗೆ ದಾಂಡೇಲಿಗೆ ಹೋಗುತ್ತೇನೆ. ನಿಮ್ಮ ಗಲ್ಲಿಯ ನಳದ ಮುಂದೆ ಕೊಡ ಹಿಡಿದು ನಿಂತವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ — ಮಾಬೂಬಿ ಖಾಲಾ ನಿಮ್ಮ ನಳ ಮಾರಲಿಲ್ರಿ, ಅವರು ಸಹಿ ಅಷ್ಟ ಕಲತಿದ್ರು, ಮಾರಿದಾಕಿ ನಾನು. ಆಮೇಲೆ ಹಳಿಯಾಳಕ್ಕೆ ಬಂದು ನಿಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮಗೆ ಬಿಟ್ಟದ್ದು.