ಎದುರಾಳಿಗೆ ಬಡಿಸಿದ ರೊಟ್ಟಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಕುರ್ತಕೋಟಿಯ ಮಂಜವ್ವ ಎರಡನ್ನೂ ಬಲ್ಲವಳು. ಮಾತನ್ನಂತೂ ತುಸು ಹೆಚ್ಚೇ ಬಲ್ಲವಳು. ಆದರೂ ಜಗಳ ಅವಳ ಒಲೆಯ ಮುಂದೆಯೇ ಬಂದು ನಿಂತಿತು.

ಗದಗ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಖಾನಾವಳಿ. ಅವಳ ಜೋಳದ ರೊಟ್ಟಿ ಎತ್ತಿ ಹಿಡಿದರೆ ಆಚೆ ಕುಳಿತವರ ಮುಖ ಕಾಣುತ್ತದೆ ಎಂದು ಗಿರಾಕಿಗಳು ಹೇಳುತ್ತಿದ್ದರು. ಶುದ್ಧ ಸುಳ್ಳು, ಆದರೆ ಮಂಜವ್ವ ಎಂದೂ ತಿದ್ದಲು ಹೋಗಲಿಲ್ಲ. ಆಟೊ ಓಡಿಸುವ ಮೌನೇಶ ದಿನಾ ಉಣ್ಣಲು ಬರುತ್ತಿದ್ದವನು. ಒಂದು ಮಧ್ಯಾಹ್ನ ಕುಡಿದು ಬಂದು, ಉಣ್ಣುತ್ತಿದ್ದವರನ್ನು ಎಬ್ಬಿಸಿ ತನಗೆ ಜಾಗ ಮಾಡೆಂದ.

"ಪಾಳಿ ಬರೂತನಾ ತಡಿಯೋ" ಎಂದಳು ಮಂಜವ್ವ. ಅವನು ಒಲೆ ಪಕ್ಕದ ಕಟ್ಟಿಗೆ ಎತ್ತಿ ಬೀಸಿದ. ಅವಳ ಬಲ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಆದರೆ ಸೊಟ್ಟಗೆ. ಅಂದಿನಿಂದ ಗಿರಾಕಿಗಳು ರೊಟ್ಟಿಯ ಮಾತೇ ಎತ್ತುವುದಿಲ್ಲ, ಸುಮ್ಮನೆ ಉಂಡು ಹೋಗುತ್ತಾರೆ.

ಕೇಸಾಯಿತು. ಕೋರ್ಟಿನಲ್ಲಿ ಕೂಗುವುದು ಮೌನೇಶನ ಹೆಸರು, ತಾರೀಕು ಮುಂದಕ್ಕೆ ಹೋಗುವುದು ಅವನ ವಕೀಲರ ಅನುಕೂಲಕ್ಕೆ. ಮಂಜವ್ವನನ್ನು ಬಂದೆಯಾ, ಹೋದೆಯಾ ಎನ್ನುವವರಿಲ್ಲ.

"ಕೈ ಮುರದದ್ದು ನಂದು. ಕರೀದ ಮದಿವಿಗಿ ಬಂದೋರಂಗ ಮೂಲ್ಯಾಗ ಕುಂಡ್ರೂದೂ ನಾನ!" ಎಂದು ಅವಳು ಗೊಣಗಿದಳು.

ಕಾನೂನು ಸೇವಾ ಪ್ರಾಧಿಕಾರದವರು ಅವಳಿಗೆ ಪುಕ್ಕಟೆಯಾಗಿ ಕೊಟ್ಟ ವಕೀಲೆ ಅನ್ನಪೂರ್ಣ ನಕ್ಕಳು. "ನೊಂದೋರಿಗೂ ಹಕ್ಕು ಅದಾವ್ರಿ ಮಂಜವ್ವ. ಜಡ್ಜ್ ಸಾಹೇಬ್ರು ನಿಮ್ಮ ಮಾತು ಕೇಳಬೇಕು. ನಾ ಕೇಳಸ್ತೀನಿ."

ಆ ದಿನವೂ ಬಂತು. ಮಧ್ಯಾಹ್ನದ ಬಿಡುವಿನಲ್ಲಿ ಮಂಜವ್ವ ಕೋರ್ಟಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದಳು. ಎದುರಿನ ಕಟ್ಟೆಯ ಮೇಲೆ ಮೌನೇಶ ಬರಿಹೊಟ್ಟೆಯಲ್ಲಿ ಕುಳಿತಿದ್ದ. ಎದುರಿಗಿದ್ದವರನ್ನು ಕರೆಯದೆ ಬುತ್ತಿ ಉಣ್ಣುವುದು ಅವಳ ಮನೆತನದಲ್ಲೇ ಇಲ್ಲ. ಹಲ್ಲು ಕಡಿಯುತ್ತಲೇ ಕರೆದಳು: "ಬಾರಲೇ, ತಿನ್ನು ಬಾ." ಅವನು ಬಂದು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ತಿಂದ. ಅವನ ವಕೀಲ ವಿಶಾಲ ಸದ್ದಿಲ್ಲದೆ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ.

ಅನ್ನಪೂರ್ಣ ಬಂದು ತಲೆ ಹಿಡಿದುಕೊಂಡಳು. "ಯವ್ವಾ, ಹಾವಿಗೆ ಹಾಲೆರದ್ರಲ್ಲ!"

"ಹಾವಾದ್ರೇನವಾ, ಹಸದಿತ್ತು."

ಊಟದ ನಂತರ ವಿಶಾಲ ಫೋಟೊ ತೋರಿಸಿ, ಇಬ್ಬರೂ ಒಂದೇ ಬುತ್ತಿ ಉಂಡಿದ್ದಾರೆ, ರಾಜಿಯಾಗಿದೆ, ಕೇಸು ಮುಗಿಸಬೇಕು ಎಂದು ಕೇಳಿಕೊಂಡ. ಅನ್ನಪೂರ್ಣ ಥಟ್ಟನೆ ಎದ್ದಳು. ರಾಜಿ ಮಾಡಿಕೊಳ್ಳಬೇಕಾದವಳು ನೊಂದವಳು, ಅವಳನ್ನೇ ಕೇಳಬೇಕು ಎಂದಳು. ಜಡ್ಜ್ ಸಾಹೇಬರು ಮಂಜವ್ವನನ್ನು ಕರೆದರು.

ಇಡೀ ಓಣಿಗೆ ಕೇಳುವ ಆ ಬಾಯಿ ಆಗಲೇ ಒಣಗಬೇಕೆ? ಈಗ ಸುಮ್ಮನಿದ್ದರೆ ಕೈ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂದು ಅವಳಿಗೆ ಭಯವಾಯಿತು.

"ರಾಜಿ ಆಗಿಲ್ರಿ" ಎಂದಳು ಕೊನೆಗೆ. "ಹಸಿವಿ ಬ್ಯಾರೆ, ನ್ಯಾಯ ಬ್ಯಾರೆ. ನನ್ನ ಕೈಯಾಂದು ಏನು ಹೋಗೇತಿ ಅಂತ ನಾ ಹೇಳಿದ್ರ ಸಿಟ್ಟಿಗಿ ಹೇಳ್ತಾಳ ಅಂತೀರಿ. ಅವನ್ನ ಕೇಳ್ರಿ. ಮೊದಲೂ ಉಂಡಾನ, ಇವತ್ತೂ ಉಂಡಾನ." ಮೌನೇಶನ ಕಡೆ ತಿರುಗಿದಳು. "ರೊಟ್ಟಿ ಹೆಂಗಿತ್ತೋ?"

ವಿಶಾಲ ಸುಮ್ಮನಿರೆಂದು ಕಣ್ಣು ಮಾಡಿದ. ಮೌನೇಶ ನೆಲ ನೋಡಿದ.

"ದಪ್ಪ ಇತ್ರಿ. ಅಂಚು ಹರದಿತ್ತು. ಮೊದಲಿನಂಗ ಇರಲಿಲ್ರಿ."

ಕೈ ಮುರಿದ ದಿನವೂ ಅಳದ ಮಂಜವ್ವ ಆಗ ಅತ್ತಳು. ಓಣಿಯವರೆಲ್ಲ ಪ್ರೀತಿಯಿಂದ ಮುಚ್ಚಿಟ್ಟಿದ್ದ ಮಾತನ್ನು, ಮುರಿದವನೇ ಎಲ್ಲರೆದುರು ಹೇಳಿದ್ದ. ಜಡ್ಜ್ ಸಾಹೇಬರು ರಾಜಿ ಇಲ್ಲ ಎಂದು ಬರೆಸಿ, ಅವಳಿಗೆ ನೀರು ಕೊಡಿಸಿದರು. ಆಮೇಲೆ ಮೆತ್ತಗೆ, "ಇನ್ನೇನಾದರೂ ಹೇಳುವುದಿದೆಯೇ ಅಮ್ಮ?" ಎಂದರು.

ಮಂಜವ್ವನನ್ನು ಹಾಗೆ ಕೇಳಬಾರದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಂಜೆ ಕೋರ್ಟು ಏಳುವ ತನಕ ಅವಳು ಹೇಳುತ್ತಲೇ ಇದ್ದಳು, ಅವರು ಬರೆಸಿಕೊಳ್ಳುತ್ತಲೇ ಇದ್ದರು.