ದಪ್ಪ ಅಕ್ಷರದ ಕಾಗದ

ಮಾವಿನ ತೋಪು ಮಾರಿದ ದುಡ್ಡನ್ನು ಶ್ರೀನಿವಾಸಪುರದ ಒಂದು ಸೊಸೈಟಿಯಲ್ಲಿ ಇಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಅವರಿಂದ ಲೆಕ್ಕದ ಕಾಗದ ಬರುತ್ತದೆ. ಮೊದಲು ಬರುತ್ತಿದ್ದದ್ದರಲ್ಲಿ ಅಕ್ಷರ ಸಾಸಿವೆ ಚೆಲ್ಲಿದ ಹಾಗಿತ್ತು, ಅದೂ ಅರ್ಧ ಇಂಗ್ಲಿಷು. ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಬಸ್ಸಿನ ಬೋರ್ಡು ಓದುತ್ತೇನೆ, ಅಷ್ಟೇ.

ಅದಕ್ಕೇ ಕಾಗದ ಬಂದರೆ ಮೇಲಿನ ಬೀದಿಯ ಟೀಚರಮ್ಮನ ಮನೆಗೆ ಹೋಗುತ್ತಿದ್ದೆ. ರಿಟೈರಾದವರು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರು. ನಮ್ಮೂರಲ್ಲಿ ಓದಿಸಿಕೊಳ್ಳಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಟೊಮ್ಯಾಟೊನೋ ಅವರೆಕಾಯಿಯೋ ಸೆರಗಿಗೆ ಕಟ್ಟಿಕೊಂಡು ಹೋಗಬೇಕು. ಓದುವವರು ಒಳಗೆ ಕೂರಿಸಿ ಕಾಫಿ ಕೊಡಬೇಕು. ಟೀಚರಮ್ಮ ಸಾಲುಸಾಲಿಗೂ ಬೆರಳಿಟ್ಟು ಓದುತ್ತಿದ್ದರು. ತಮಗೇ ಅರ್ಥವಾಗದ ಸಾಲು ಬಂದರೆ ಸೊಸೈಟಿಯವರನ್ನು ಬೈಯುತ್ತಿದ್ದರು. ಆಮೇಲೆ ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಕೂತರೆ ಸಂಜೆಯಾಗುತ್ತಿತ್ತು. ಗಂಡ ಸತ್ತ ಮೇಲೆ ನಾನು ಇನ್ನೊಬ್ಬರ ಮನೆಯೊಳಗೆ ಹೋಗಿ ಕೂರುತ್ತಿದ್ದದ್ದು ಅದೊಂದೇ.

ಹೋದ ವರ್ಷ ಸೊಸೈಟಿಯಿಂದ ಒಬ್ಬ ಹುಡುಗಿ ಬಂದಳು. ಕಾಗದವನ್ನು ಹೊಸದಾಗಿ ಮಾಡುತ್ತೇವೆ, ಏನೇನು ಬದಲಾಯಿಸಬೇಕು ಹೇಳಿ ಎಂದು ಹಾಲಿನ ಡೈರಿ ಮುಂದೆ ದುಡ್ಡಿಟ್ಟ ನಮ್ಮನ್ನೆಲ್ಲ ಕೂರಿಸಿ ಕೇಳಿದಳು. ಗಂಡಸರು, ಎಲ್ಲಾ ಚೆನ್ನಾಗಿದೆ ಅನ್ನುವುದನ್ನು ತೆಲುಗಿನಲ್ಲಿ ಹೇಳಿ ತಲೆಯಾಡಿಸಿದರು: "ಅಂತಾ ಬಾಗುಂದಮ್ಮಾ."

ನನಗೆ ರೇಗಿತು. "ಏನ್ ಬಾಗುಂದಿ? ನಿಮ್ಮಲ್ಲಿ ಒಬ್ಬನಾದ್ರೂ ಓದಿದ್ದೀರೇನ್ರೋ ಅದನ್ನ?" ಎಂದೆ. ಹುಡುಗಿಯ ಕಡೆ ತಿರುಗಿದೆ. "ನೋಡಮ್ಮ, ನನ್ನ ದುಡ್ಡು ಎಷ್ಟಿದೆ ಅಂತ ಮೇಲ್ಗಡೇನೇ ದಪ್ಪಕ್ಕೆ ಹಾಕು. ಬಡ್ಡಿ ಎಷ್ಟು ಬಂತು ಅಂತ ಅದರ ಕೆಳಗೆ. ಕನ್ನಡದಲ್ಲಿ ಹಾಕು. ಮಿಕ್ಕಿದ್ದೆಲ್ಲ ಹಿಂದುಗಡೆ ತುರುಕು."

ಅವಳು ನಕ್ಕು ಬರೆದುಕೊಂಡಳು.

ಅವರೆಕಾಯಿ ಕಾಲಕ್ಕೆ ಹೊಸ ಕಾಗದ ಬಂತು. ನಾನು ಹೇಳಿದ ಹಾಗೇ ಇತ್ತು. ಒಲೆ ಮೇಲೆ ಹಾಲಿಟ್ಟು ಓದಲು ಕೂತೆ. ಹಾಲು ಉಕ್ಕುವುದಕ್ಕೆ ಮೊದಲೇ ಓದಿ ಮುಗಿದುಹೋಯಿತು.

ತೋರಿಸಿ ಬರೋಣ ಎಂದು ಅವರೆಕಾಯಿ ಕಟ್ಟಿಕೊಂಡು ಹೋದೆ. ಟೀಚರಮ್ಮ ಬಾಗಿಲಲ್ಲೇ ಕಾಗದ ಇಸಕೊಂಡು ನೋಡಿದರು.

"ನೀನೇ ಓದಿದ್ಯೇನಕ್ಕಾ?"

"ಓದ್ದೆ. ಎಲ್ಲ ಸರಿಯಾಗಿದೆ."

"ಭೇಷ್! ಇನ್ನು ನನ್ನ ಬೈಗುಳ ಕೇಳೋ ಕಾಟ ತಪ್ತು ನಿಂಗೆ." ಸೆರಗಿನ ಗಂಟು ನೋಡಿದರು. "ಅವರೆಕಾಯಿ ಯಾಕೆ ತಂದೆ? ಓದದೇ ಇಸ್ಕೊಂಡ್ರೆ ಚೆನ್ನಾಗಿರುತ್ತಾ? ನೀನೇ ಸಾರು ಮಾಡ್ಕೋ ಹೋಗು."

ಕೂರುತ್ತೇನೆ ಅನ್ನಬಹುದಿತ್ತು. ಯಾವ ಕೆಲಸಕ್ಕೆ ಅಂತ ಕೂರುವುದು? ವಾಪಸು ಬಂದೆ. ಅವರೆಕಾಯಿ ಒಬ್ಬಳೇ ಬಿಡಿಸಿದೆ. ಒಬ್ಬರ ಸಾರಿಗೆ ಅದು ಜಾಸ್ತಿಯಾಯಿತು.

ಮೊನ್ನೆ ಆ ಹುಡುಗಿ ಮತ್ತೆ ಡೈರಿ ಹತ್ತಿರ ಸಿಕ್ಕಿದಳು.

"ಈಗ ಸುಲಭ ಆಯ್ತಾ ಅಜ್ಜಿ?"

"ಆಯ್ತು." ಸುಳ್ಳೇನಲ್ಲ, ಕಾಗದ ಚೆನ್ನಾಗಿದೆ.

"ಮುಂದಿನ ಸಲದಿಂದ ಹಿಂದುಗಡೆ ಇರೋ ಸಣ್ಣ ಅಕ್ಷರಾನೂ ತೆಗೆದುಬಿಡ್ತೀವಿ. ಯಾರೂ ಓದಲ್ವಂತೆ."

"ತೆಗೀಬೇಡ," ಎಂದೆ. "ಸಣ್ಣಗೇ ಇರ್ಲಿ."

"ಯಾರಜ್ಜಿ ಓದ್ತಾರೆ ಅದನ್ನ?"

"ಟೀಚರಮ್ಮ ಓದ್ತಾರೆ."

ಬಿಡುತ್ತಾಳೋ ತೆಗೆಯುತ್ತಾಳೋ ಗೊತ್ತಿಲ್ಲ. ಮುಂದಿನ ಕಾಗದ ಬರುವ ಹೊತ್ತಿಗೆ ಅವರೆಕಾಯಿ ಮುಗಿದಿರುತ್ತದೆ. ಹಿಂದುಗಡೆ ಅಕ್ಷರ ಇದ್ದರೆ ಟೊಮ್ಯಾಟೊ ಕಟ್ಟಿಕೊಂಡು ಹೋಗುತ್ತೇನೆ.